ಮುನಿಸಿಕೊಂಡವರು ಒಟ್ಟಿಗೆ ಭಕ್ತಿಚಿತ್ರ ನೋಡುವ ಬಗೆ

ಮನಸ್ತಾಪವಿರುವ ಮನೆಯಲ್ಲಿ ಎಲ್ಲರೂ ಕೂಡಿ ಭಕ್ತಿಚಿತ್ರ ನೋಡುವುದಾದರೆ, ಪವಾಡಕ್ಕಿಂತ ತಪ್ಪಿನ ಪರಿಣಾಮವನ್ನು ನೇರವಾಗಿ ತೋರಿಸುವ ಚಿತ್ರವನ್ನು ಆರಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಅಭಿನಯದ, 1974ರ ‘ಭಕ್ತ ಕುಂಬಾರ’ ಇದಕ್ಕೆ ಒಪ್ಪುತ್ತದೆ: ವಿಠ್ಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತಿದ್ದ ಕುಂಬಾರ ಗೋರ, ಬಳಿಗೆ ಬಂದ ತನ್ನ ಕೂಸನ್ನೇ ಅರಿವಿಲ್ಲದೆ ತುಳಿದುಬಿಡುತ್ತಾನೆ. ಆ ದೃಶ್ಯ ಮುಗಿದೊಡನೆ ಚಿತ್ರವನ್ನು ನಿಲ್ಲಿಸಿ, ತಾಯಿಯ ಸಿಟ್ಟು ನ್ಯಾಯವೇ, ಬೇಕೆಂದು ಮಾಡದ ಹಾನಿಗೆ ಹೊಣೆ ಯಾರದು ಎಂದು ಕೇಳಿ. ಸ್ವಂತ ಜಗಳದ ಸುದ್ದಿ ಎತ್ತದೆ ಪಾತ್ರಗಳ ಬಗ್ಗೆಯೇ ಮಾತಾಡಲು ಬಿಡಿ, ಏಕೆಂದರೆ ಪರರ ಕಥೆಯಲ್ಲಿ ನಾಲಿಗೆ ಬೇಗ ಸಡಿಲವಾಗುತ್ತದೆ. ಕಥೆಯ ಕೊನೆಯಲ್ಲಿ ಪಾಂಡುರಂಗನ ಕೃಪೆಯಿಂದ ಸತ್ತ ಮಗು ಜೀವಂತವಾಗಿ ಮರಳುತ್ತದೆ. ನಮಗೆ ಆ ಅನುಕೂಲವಿಲ್ಲ ಎಂಬುದನ್ನೂ (ಹೇಳದಿದ್ದರೆ ಚರ್ಚೆಯೇ ಪೊಳ್ಳು) ಮುಚ್ಚಿಡದೆ ಹೇಳಿ. ನೊಂದವರನ್ನು ಅಲ್ಲಿಯೇ ಕ್ಷಮಿಸುವಂತೆ ಒತ್ತಾಯಿಸಬಾರದು. ತಪ್ಪೆಸಗಿದವರು ತಾವಾಗಿಯೇ ಮಾತು ತೆಗೆಯಲು ಒಂದೆರಡು ದಿನ ಬಿಡುವು ಕೊಡಿ.