ಮಳೆಗಾಲಕ್ಕೆ ಬಟ್ಟೆ ಹಗ್ಗ ಕಟ್ಟುವಾಗ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಾನು ಮೊದಲು ನೋಡುವುದು ಬಟ್ಟೆ ಒಣಗಿಸುವ ಹಗ್ಗವನ್ನು. ಹಪ್ಪಳ, ಉಪ್ಪಿನಕಾಯಿ, ಕಟ್ಟಿಗೆ ಎಲ್ಲ ಆಮೇಲೆ. ನಮ್ಮ ಅಂಕೋಲಾ ಕಡೆ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಪುನರ್ವಸು, ಪುಷ್ಯ ಮಳೆ ಹಿಡಿಯಿತು ಅಂದರೆ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಒಂದು ಜೊತೆ ಯೂನಿಫಾರ್ಮ್ ಒಣಗಿಸುವುದೇ ದಿನದ ದೊಡ್ಡ ಚಿಂತೆ.

ನನ್ನ ತವರು ಶಿರಸಿ ಕಡೆ. ಅಲ್ಲಿ ಮಳೆಗಾಲ ಪೂರ್ತಿ ಬಚ್ಚಲ ಒಲೆ ಆರುತ್ತಿರಲಿಲ್ಲ. ಹಂಡೆಯ ಮೇಲ್ಗಡೆ ಎರಡು ಬಿದಿರ ಗಳ ಕಟ್ಟಿರುತ್ತಿದ್ದರು. ರಾತ್ರಿ ಊಟ ಮುಗಿಸಿ ಬಟ್ಟೆ ಹರವಿದರೆ ಬೆಳಿಗ್ಗೆ ಹೊಗೆಯ ವಾಸನೆ ಇರುತ್ತಿತ್ತು, ಆದರೆ ಗರಿಗರಿಯಾಗಿ ಒಣಗಿರುತ್ತಿತ್ತು. ನಮ್ಮ ಆಯಿ ಹೇಳುತ್ತಿದ್ದ ಲೆಕ್ಕ ಇಷ್ಟೇ: ಗಳ ಒಲೆಯ ಬಾಯಿಗೆ ನೇರ ಇರಬಾರದು, ನಿಂತು ಕೈ ಎತ್ತಿದರೆ ಎಟುಕುವಷ್ಟು ಎತ್ತರ ಇರಬೇಕು, ಮಲಗುವ ಮೊದಲು ಕೊಳ್ಳಿ ಹೊರಗೆಳೆದು ಕೆಂಡ ಮಾತ್ರ ಬಿಡಬೇಕು. ಈಗಲೂ ಬಚ್ಚಲ ಒಲೆ ಇರುವವರು ಹಾಗೇ ಮಾಡಿ. ನೈಲಾನ್, ಪಾಲಿಸ್ಟರ್ ಬಟ್ಟೆ ಮಾತ್ರ ಬೆಂಕಿಯ ಹತ್ತಿರ ಬೇಡ. ಗ್ಯಾಸ್ ಒಲೆಯ ಮೇಲಂತೂ ಒಂದು ಕರವಸ್ತ್ರವನ್ನೂ ಒಣಗಿಸಬೇಡಿ.

ದಪ್ಪ ಹೊದಿಕೆ, ಜಮಖಾನೆ, ಕಂಬಳಿ ಇವನ್ನೆಲ್ಲ ಮೇ ಬಿಸಿಲಿನಲ್ಲೇ ಒಗೆದು, ಚೆನ್ನಾಗಿ ಕಾಯಿಸಿ, ಲಾವಂಚದ ಬೇರು ಹಾಕಿ ಪೆಟ್ಟಿಗೆಗೆ ಸೇರಿಸಿ. ಕಪಾಟಿನ ಮೂಲೆಯಲ್ಲಿ ಇದ್ದಿಲಿನ ಚೂರು ಒಂದು ತೆಳು ಬಟ್ಟೆಯಲ್ಲಿ ಕಟ್ಟಿಡಿ, ಪಸೆ ಹೀರುತ್ತದೆ. ಜೂನ್ ಶುರುವಾದ ಮೇಲೆ ದಿನದ ಬಟ್ಟೆ ದಿನವೇ ಒಗೆಯಬೇಕು. ರಾತ್ರಿಯಿಡೀ ನೆನೆಸಿಟ್ಟರೆ, ಇಲ್ಲವೇ ಒದ್ದೆ ಬಟ್ಟೆ ಬಕೆಟ್‌ನಲ್ಲೇ ಉಳಿದರೆ ಆ ಹಳಸಲು ವಾಸನೆ ಎಷ್ಟು ಸೋಪು ಹಾಕಿದರೂ ಹೋಗದು. ಬಂತೇ ಅನ್ನಿ, ಬಣ್ಣ ಬಿಡದ ಹತ್ತಿ ಬಟ್ಟೆಯಾದರೆ ಬಿಸಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ಒಗೆಯಿರಿ. ಹಿಂಡುವುದರಲ್ಲೇ ಅರ್ಧ ಒಣಗು ಇದೆ. ಒಗೆದ ಅಂಗಿಯನ್ನು ಒಣ ಟವೆಲ್ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಾಪೆಯ ಹಾಗೆ ಸುತ್ತಿ, ಇಬ್ಬರು ಎರಡು ತುದಿ ಹಿಡಿದು ತಿರುಚಿ. ನನ್ನ ಮಗನಿಗೆ ಅದು ಆಟ. ಅವನು ಒಂದು ತುದಿ, ನಾನು ಒಂದು ತುದಿ. ಚಡ್ಡಿ, ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಜೇಬು ಹೊರಕ್ಕೆಳೆದು ಹರವಬೇಕು. ಒಂದು ಬಟ್ಟೆಗೂ ಇನ್ನೊಂದಕ್ಕೂ ನಾಲ್ಕು ಬೆರಳು ಜಾಗ. ಒತ್ತೊತ್ತಾಗಿ ಹರವಿದರೆ ಒಂದೂ ಒಣಗುವುದಿಲ್ಲ.

ಇನ್ನು ಹಗ್ಗದ ಮಾತು. ಇದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ.

ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟಬೇಡಿ. ತೆಂಗಿನ ನಾರಿನ ಹಗ್ಗ ಕಟ್ಟಿ, ಪ್ಲಾಸ್ಟಿಕ್ ಹಗ್ಗ ಕಟ್ಟಿ, ಬಿದಿರು ಗಳ ಕಟ್ಟಿ. ತಂತಿ ಜೋತು ಬೀಳುವುದಿಲ್ಲ, ಹತ್ತು ವರ್ಷ ಬಾಳುತ್ತದೆ, ನಿಜ. ನಮ್ಮ ಕೇರಿಯಲ್ಲೂ ಆಗ ಎಲ್ಲರ ಮನೆಯಲ್ಲೂ ತಂತಿಯೇ ಇತ್ತು. ನಮ್ಮಲ್ಲೂ.

ನನ್ನ ಮಗ ಆಗ ಮೂರನೇ ಕ್ಲಾಸು. ಪಕ್ಕದ ಮನೆಯವಳು ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅವಳ ಮಗಳು, ನನ್ನ ಮಗ ಒಂದೇ ಕ್ಲಾಸು. ಗಂಡ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಬೋಟು ದಡದಲ್ಲೇ ಇರುತ್ತದೆ, ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವೇ ಇದೆ. ಹಾಗಾಗಿ ಆ ದಿನಗಳಲ್ಲಿ ಅವನೂ ಮನೆಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದ. ಬಾವಿ ಕಟ್ಟೆಯಲ್ಲಿ ನಾವಿಬ್ಬರೂ ಒಟ್ಟಿಗೇ ಬಟ್ಟೆ ಒಗೆಯುತ್ತಿದ್ದೆವು. ಅವಳಿಗೆ ನಗು ಜಾಸ್ತಿ. ಬಲೆ ಹೊಲಿಯುವ ಗಂಡನಿಗೆ ಅಂಗಿಯ ಗುಂಡಿ ಹಚ್ಚಲು ಬರುವುದಿಲ್ಲ ಅಂತ ದಿನಾ ನಗುತ್ತಿದ್ದಳು.

ಒಂದು ಬೆಳಿಗ್ಗೆ ಬಾವಿ ಕಟ್ಟೆಯಲ್ಲಿ ಅವಳು ಹೇಳಿದಳು, "ಅಕ್ಕಾ, ನಿನ್ನೆಯಿಂದ ತಂತಿ ಮುಟ್ಟಿದರೆ ಕೈ ಜುಮ್ ಅಂತದೆ." ನಾನು ಹೇಳಿದೆ, "ಒದ್ದೆ ಕೈಯಲ್ಲಿ ಮುಟ್ಟಬೇಡ ಮಾರಾಯ್ತಿ, ಕೈ ಒರೆಸಿಕೊಂಡು ಹರವು." ಅಷ್ಟೇ. ಆಮೇಲೆ ಹಲಸಿನ ಹಪ್ಪಳದ ಮಾತು ಬಂತು. ನನ್ನ ಮಾತು ಅಷ್ಟಕ್ಕೇ ನಿಂತಿತು.

ಮಾರನೇ ದಿನ ಮಳೆ ಸ್ವಲ್ಪ ಹೊಳವಾಗಿತ್ತು. ಸಂಜೆ ನಾಲ್ಕರ ಹೊತ್ತು. ಮಕ್ಕಳು ಶಾಲೆಯಿಂದ ಬಂದು ನಮ್ಮ ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದವು. ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಚಹಾ ಸೋಸುತ್ತಿದ್ದೆ. ಅವಳು ಬರಿಗಾಲಲ್ಲಿ ಅಂಗಳಕ್ಕೆ ಬಂದಳು, ಹೆಗಲ ಮೇಲೆ ಮಗಳ ಯೂನಿಫಾರ್ಮ್. ಅವರದು ಚಿರೆಕಲ್ಲು ಹಾಸಿದ ಅಂಗಳ, ಮಳೆ ನೀರು ಕುಡಿದು ನಿಂತಿತ್ತು. ನನ್ನನ್ನು ನೋಡಿ ಏನೋ ಅನ್ನಲು ಬಾಯಿ ತೆರೆದಳು. ಒಂದು ಕೈ ತಂತಿ ಮೇಲೆ ಹೋಯಿತು. ಕೂಗಲೇ ಇಲ್ಲ. ತಂತಿ ಹಿಡಿದು ಹಾಗೇ ನಿಂತಳು. ನನಗೆ ಏನಾಗುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ಕುಸಿದಳು. ಕೈ ತಂತಿ ಬಿಡಲಿಲ್ಲ.

ಗಂಡ ದಡ್ಡನಲ್ಲ. ಅವನಿಗೆ ತಕ್ಷಣ ಗೊತ್ತಾಯಿತು. ಒಳಗೆ ಓಡಿ ಮೇನ್ ಸ್ವಿಚ್ ಇಳಿಸಿಯೇ ಬಂದ. ಬಂದು ಅವಳನ್ನು ಹಿಡಿದ, ಅವನನ್ನೂ ಎತ್ತಿ ಬಿಸಾಕಿದಂತಾಯಿತು. ತುಳಸಿಕಟ್ಟೆಗೆ ತಲೆ ಬಡಿಯಿತು. ಮಗಳು ಜಗಲಿಯಿಂದ ಹಾರಿ ಅಮ್ಮಾ ಅಂತ ಓಡಿದಳು. ನನ್ನ ಕೈಗೆ ಅವಳ ಜಡೆ ಸಿಕ್ಕಿತು. ಜಡೆ ಹಿಡಿದೇ ಎಳೆದೆ. ಆ ಮಗು ನೋವಿಗೆ ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ. ಎಳೆಯದೇ ಇದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದಕ್ಕೂ ಆಗುವುದಿಲ್ಲ.

ನನ್ನ ಅತ್ತೆ ಹೆಚ್ಚು ಓದಿದವರಲ್ಲ. ಅವರೇ "ಯಾರೂ ಮುಟ್ಟಬೇಡಿ" ಅಂತ ಕೂಗಿ, ಅಡುಗೆಮನೆಯ ಒಣ ಒನಕೆ ತಂದರು. ಒಂದು ಕೈಯಲ್ಲಿ ಊಟದ ಮಣೆ. ಮಣೆ ನೆಲಕ್ಕಿಟ್ಟು ಅದರ ಮೇಲೆ ನಿಂತು, ಒನಕೆಯಿಂದ ತಂತಿಗೆ ಹೊಡೆದರು. ಮೂರನೇ ಏಟಿಗೆ ಕೊಕ್ಕೆ ಕಳಚಿ ತಂತಿ ದೂರ ಬಿತ್ತು. ಆಗ 108 ಇರಲಿಲ್ಲ, ಕರ್ನಾಟಕಕ್ಕೆ ಅದು ಬಂದದ್ದೇ 2008ರಲ್ಲಿ. ಯಾರೋ ಟೆಂಪೋ ತಂದರು. ಯಾರೋ ಮಣ್ಣಲ್ಲಿ ಹುಗಿಯಿರಿ, ಕರೆಂಟು ಇಳಿಯುತ್ತದೆ ಅಂದರು. ಯಾರೋ ಬಾಯಿಗೆ ನೀರು ಬಿಟ್ಟರು. ಅವಳ ಉಸಿರು ಅಂಗಳದಲ್ಲೇ ಹೋಗಿತ್ತು ಅಂತ ನನಗನಿಸುತ್ತದೆ. ಗಂಡ ಉಳಿದ, ಬಲಗೈಯ ಎರಡು ಬೆರಳು ಸುಟ್ಟು ಹೋದವು.

ಮೇನ್ ಇಳಿಸಿದ ಮೇಲೂ ಕರೆಂಟು ಎಲ್ಲಿಂದ ಬಂತು? ಲೈನ್‌ಮನ್ ಬಂದು ಕಂಬದ ಮೇಲೆ ಕಟ್ ಮಾಡಿದ ಮೇಲೆ ತೋರಿಸಿದರು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಜಗಲಿಯ ತಗಡಿನ ಅಂಚಿಗೆ ತಾಗಿಕೊಂಡು ಹೋಗಿತ್ತು. ಗಾಳಿಗೆ ತಿಕ್ಕಿ ತಿಕ್ಕಿ ಮೇಲಿನ ರಬ್ಬರು ಸವೆದಿತ್ತು. ವೈರಿನಿಂದ ತಗಡಿಗೆ, ತಗಡಿನಿಂದ ಜಗಲಿಯ ಕಬ್ಬಿಣದ ಕಂಬಕ್ಕೆ, ಆ ಕಂಬಕ್ಕೆ ಕಟ್ಟಿದ ಬಟ್ಟೆಯ ತಂತಿಗೆ. ಇದು ಮೀಟರಿಗೂ ಮೇನಿಗೂ ಮೊದಲೇ ಆಗುವ ತಾಪತ್ರಯ. ಒಳಗೆ ಏನು ಆಫ್ ಮಾಡಿದರೂ ಆ ತಂತಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಇದು ನನಗೆ ಗೊತ್ತಾಗಿದ್ದು ಅವತ್ತು. ನಿಮಗೆ ಇವತ್ತೇ ಗೊತ್ತಿರಲಿ.

ಆದ್ದರಿಂದ ಮೇ ತಿಂಗಳಲ್ಲಿ ಒಮ್ಮೆ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿ. ಸರ್ವಿಸ್ ವೈರ್ ತಗಡಿಗೆ, ಕಬ್ಬಿಣದ ಪೈಪಿಗೆ, ತೆಂಗಿನ ಗರಿಗೆ, ಹೆಂಚಿನ ಅಂಚಿಗೆ ಎಲ್ಲಾದರೂ ತಾಗುತ್ತಿದೆಯಾ? ತಾಗುತ್ತಿದ್ದರೆ ನೀವೇ ಕೋಲು ಹಿಡಿದು ಸರಿಸಲು ಹೋಗಬೇಡಿ. ನಮ್ಮ ಜಿಲ್ಲೆಗೆ ಕರೆಂಟು ಕೊಡುವುದು ಹೆಸ್ಕಾಂ, 1912ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಜಗಲಿಗೆ ಹೊಸದಾಗಿ ಶೀಟು ಹಾಕಿಸುವಾಗ ಇನ್ನೂ ಜಾಗ್ರತೆ. ಶೀಟು ಹಾಕುವವನು ವೈರನ್ನು ಶೀಟಿನ ಕೆಳಗೆ ತೂರಿಸಿ ಹೋಗಿಬಿಡುತ್ತಾನೆ.

ಮನೆಯೊಳಗಿನದಕ್ಕೆ ಬೇರೆ ಉಪಾಯ ಇದೆ. ಎಂಸಿಬಿ ಇದೆ, ಫ್ಯೂಸ್ ಇದೆ, ಇನ್ನೇನು ಅಂತ ಸುಮ್ನೆ ಕೂರಬೇಡಿ. ಅವು ವೈರು ಸುಡದ ಹಾಗೆ ಕಾಯುತ್ತವೆ, ಮನುಷ್ಯರನ್ನಲ್ಲ. ಮೈಯಲ್ಲಿ ಹರಿದು ಜೀವ ತೆಗೆಯುವಷ್ಟು ಕರೆಂಟು ತುಂಬಾ ಸಣ್ಣದು, ಅಷ್ಟಕ್ಕೆ ಫ್ಯೂಸ್ ಹೋಗುವುದೇ ಇಲ್ಲ. ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಂತ ಹಾಕಿಸಬೇಕು. ಗೀಸರ್, ಪಂಪು, ವಾಷಿಂಗ್ ಮಷಿನ್, ಮಿಕ್ಸಿ ಯಾವುದರಲ್ಲಿ ಸೋರಿಕೆಯಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಸ್ವಿಚ್ ತಾನೇ ಬಿದ್ದು ಕರೆಂಟು ಕಡಿಯುತ್ತದೆ. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತದೆ. ನಾನು ಪ್ರತಿ ತಿಂಗಳು ಒತ್ತಿ ನೋಡುತ್ತೇನೆ. ಬೀಳದಿದ್ದರೆ ಹಾಳಾಗಿದೆ ಅಂತಲೇ ಅರ್ಥ. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತದೆ ಅಂತ ತೆಗೆಸಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೀಳುತ್ತಿದೆ ಅಂದರೆ ಎಲ್ಲೋ ಪಸೆ ಹೋಗಿ ಸೋರುತ್ತಿದೆ ಅಂತ. ಎಲೆಕ್ಟ್ರಿಶಿಯನ್ ಕರೆದು ಎಲ್ಲಿ ಅಂತ ಹುಡುಕಿಸಿ. ಹಾಗೆಯೇ ಅರ್ಥಿಂಗ್ ಹೊಂಡ, ಸೋರಿದ ಕರೆಂಟನ್ನು ನೆಲಕ್ಕಿಳಿಸಲು ತೋಡಿದ್ದು. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ತುಂಬಿ ಮುಚ್ಚಿದ್ದು, ಎಷ್ಟೋ ಮನೆಯಲ್ಲಿ ಆಮೇಲೆ ಯಾರೂ ನೋಡಿಯೇ ಇರುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಅದಕ್ಕೂ ಹಾಕಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಲ್ಲಿನ ಕ್ಲಿಪ್ಪು, ಬೋಲ್ಟು ಬೇಗ ತುಕ್ಕು ಹಿಡಿಯುತ್ತವೆ, ಅದನ್ನೂ ನೋಡಿಸಿ.

ಇಸ್ತ್ರಿ ಮಾಡುವಾಗ ಕಾಲಿಗೆ ಒಣ ಚಪ್ಪಲಿ ಇರಲಿ. ಅರೆ ಒಣಗಿದ ಅಂಗಿಗೆ ಇಸ್ತ್ರಿ ಹಾಕಿ ಒಣಗಿಸುತ್ತೇವಲ್ಲ, ಕೈ ಒದ್ದೆ, ನೆಲ ಒದ್ದೆ, ಆಗ ಜಾಸ್ತಿ ಅಪಾಯ.

ಎಲ್ಲಕ್ಕಿಂತ ಹೆಚ್ಚಾಗಿ, ಜುಮ್ ಅನ್ನುವುದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಲ್ಲಿಯಲ್ಲಿ ಜುಮ್ ಅಂದಿತು, ಫ್ರಿಜ್ ಬಾಗಿಲಲ್ಲಿ ಜುಮ್ ಅಂದಿತು, ಕಿಟಕಿ ಸರಳಿನಲ್ಲಿ ಜುಮ್ ಅಂದಿತು ಅಂದರೆ ಆ ಕ್ಷಣಕ್ಕೆ ಕೆಲಸ ನಿಲ್ಲಿಸಿ. ನಿನ್ನೆ ಒಣ ನೆಲದಲ್ಲಿ, ಚಪ್ಪಲಿ ಹಾಕಿದ್ದಾಗ ಜುಮ್ ಅಂದದ್ದೇ ಇವತ್ತು ಒದ್ದೆ ನೆಲದಲ್ಲಿ ಬರಿಗಾಲಿದ್ದಾಗ ಜೀವ ತೆಗೆಯುತ್ತದೆ. ಪಕ್ಕದ ಮನೆಯವರು ಹೇಳಿದರೂ ಅಷ್ಟೇ. "ಜೋಪಾನ" ಅಂತ ಹೇಳಿ ಬಿಡಬೇಡಿ. ಎದ್ದು ಹೋಗಿ, ಯಾರೂ ಮುಟ್ಟದ ಹಾಗೆ ಮಾಡಿ, ಮಕ್ಕಳನ್ನು ಒಳಗೆ ಕಳಿಸಿ, 1912ಕ್ಕೆ ಫೋನ್ ಮಾಡಿಸಿ. ಬಾವಿ ಕಟ್ಟೆಯಿಂದ ಎದ್ದು ಇಪ್ಪತ್ತು ಹೆಜ್ಜೆ ಹೋಗಿ ನೋಡಲಿಲ್ಲವಲ್ಲ ಅನ್ನುವುದು ನನ್ನನ್ನು ಇಷ್ಟು ವರ್ಷವಾದರೂ ಬಿಟ್ಟಿಲ್ಲ.

ಆಗಬಾರದ್ದು ಆಗಿಯೇ ಹೋದರೆ, ಹಿಡಿದುಕೊಂಡವರನ್ನು ಮುಟ್ಟಬೇಡಿ. ಮೇನ್ ಇಳಿಸಿ, ಆದರೂ ಕರೆಂಟು ಇದೆ ಅಂತಲೇ ತಿಳಿದು ಒಣಗಿದ ಮರದ ಕೋಲಿನಿಂದಲೇ ಬಿಡಿಸಿ, ಒಣ ಮರದ ಮಣೆ ಮೇಲೆ ನಿಂತು. ಹಸಿ ತೆಂಗಿನ ಗರಿ, ಒದ್ದೆ ಬಿದಿರು ಬೇಡ. ಕಂಬದ ಲೈನೇ ಹರಿದು ಬಿದ್ದಿದ್ದರೆ ಕೋಲೂ ಬೇಡ, ಹತ್ತಿರವೇ ಹೋಗಬೇಡಿ, ಲೈನ್ ಆಫ್ ಆಗುವವರೆಗೆ ಎಲ್ಲರನ್ನೂ ದೂರ ನಿಲ್ಲಿಸಿ. ಬಿಡಿಸಿಕೊಂಡವರಿಗೆ ಉಸಿರಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಒಂದು ಅಂಗೈ ಮೇಲೆ ಇನ್ನೊಂದು ಇಟ್ಟು ಒತ್ತಬೇಕು. ದೊಡ್ಡವರಿಗೆ ಎದೆ 5 ಸೆಂಟಿಮೀಟರ್ ಒಳಗೆ ಹೋಗುವಷ್ಟು ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ. ಮಣ್ಣಲ್ಲಿ ಹುಗಿಯುವುದು, ಬಾಯಿಗೆ ನೀರು ಬಿಡುವುದು ಏನೂ ಬೇಡ. ಶಾಕ್ ಹೊಡೆದು ಎದ್ದು ಕೂತವರನ್ನೂ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು, ಎದೆಬಡಿತ ಆಮೇಲೆ ಏರುಪೇರಾಗಬಹುದು. ಎದೆ ಒತ್ತುವುದನ್ನು ನನ್ನ ಸೊಸೆ ಅವಳ ಕಾಲೇಜಿನಲ್ಲಿ ಕಲಿತಿದ್ದಳು. ದಿಂಬಿನ ಮೇಲೆ ಒತ್ತಿ ತೋರಿಸಿ ನನಗೂ ಕಲಿಸಿದಳು. ಅವತ್ತು ನಮ್ಮ ಕೇರಿಯಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಅಂತ ದಿಂಬಿನ ಮುಂದೆ ಕೂತು ಅತ್ತುಬಿಟ್ಟೆ.

ಅವಳು ಹೋದ ದಿನ ರಾತ್ರಿ ಮತ್ತೆ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಯೂನಿಫಾರ್ಮ್ ಅಂಗಳದಲ್ಲೇ ಬಿದ್ದಿತ್ತು, ಕೆಂಪು ಮಣ್ಣಾಗಿ. ಹೆಕ್ಕಿ ತಂದು ಒಗೆದೆ. ಬಿಸಿ ನೀರು ಹಾಕಿ, ಟವೆಲ್‌ನಲ್ಲಿ ಸುತ್ತಿ ಹಿಂಡಿದೆ. ಇನ್ನೊಂದು ತುದಿ ನನ್ನ ಮಗ ಹಿಡಿದ, ಆಟ ಅನ್ನಲಿಲ್ಲ. ಬಚ್ಚಲ ಗಳದ ಮೇಲೆ ಒಣಗಿಸಿ ಇಸ್ತ್ರಿ ಮಾಡಿಟ್ಟೆ. ಆ ಹುಡುಗಿ ಮತ್ತೆ ಶಾಲೆಗೆ ಹೊರಟಿದ್ದು ಹದಿನೈದು ದಿನ ಬಿಟ್ಟು, ನಮ್ಮ ಮನೆಯಿಂದಲೇ. ಜಡೆ ಹಾಕಲು ಕೂದಲು ಹಿಡಿದರೆ ನನ್ನ ಕೈ ನಡುಗುತ್ತಿತ್ತು. ಅವಳೇ ಹೇಳಿದಳು, "ಗಟ್ಟಿಯಾಗಿ ಹಾಕು ದೊಡ್ಡಮ್ಮ, ನೋವಾಗೂದಿಲ್ಲ."

ನಮ್ಮ ಅತ್ತೆ ಆ ವಾರವೇ ಕೇರಿಯ ಎಲ್ಲ ಮನೆಯ ತಂತಿ ಬಿಚ್ಚಿಸಿದರು. ಒಂದೊಂದು ಮನೆಗೂ ತಾವೇ ನಾರಿನ ಹಗ್ಗ ಕೊಟ್ಟು ಬಂದರು.

ಹುಡುಗಿ ಈಗ ಕಾರವಾರದಲ್ಲಿದ್ದಾಳೆ, ಅವಳಿಗೂ ಶಾಲೆಗೆ ಹೋಗುವ ಮಗಳಿದ್ದಾಳೆ. ಮೊದಲ ಮಳೆ ಬಿದ್ದ ದಿನ ಫೋನ್ ಮಾಡುತ್ತಾಳೆ. ಹಳೆಯದರ ಮಾತೇ ತೆಗೆಯುವುದಿಲ್ಲ. ಈ ಸಲ ಕೇಳಿದ್ದು, "ದೊಡ್ಡಮ್ಮ, ನೀಲಿ ಪ್ಲಾಸ್ಟಿಕ್ ಹಗ್ಗ ತಂದಿದ್ದೇನೆ, ಒದ್ದೆ ಬೆಡ್‌ಶೀಟ್ ಹಾಕಿದರೆ ಜೋತು ಬೀಳ್ತದೆ, ಏನು ಮಾಡಲಿ?" ನಡುವೆ ಒಂದು ಕವಲು ಕೋಲು ಕೊಡು, ಅಂದೆ.