ಹಳೇ ಎಸ್ಟೀಮ್‌ನ ರೇಸ್ ಗಾಡಿ ಮಾಡೂದು ಹೆಂಗ: ಬೆಳಗಾವಿ ಕಡೆ ಹುಡುಗರ ಸಲುವಾಗಿ

ರೇಸ್ ಗಾಡಿ ಕಟ್ಟಬೇಕು ಅನ್ನೂ ಹುಡುಗ್ರು ಎಲ್ಲಾರೂ ಮೊದ್ಲ ಕೇಳೂದು ಒಂದ, ಅಣ್ಣಾ ಇಂಜಿನ್‌ದಾಗ ಎಷ್ಟ್ ಪವರ್ ಹೆಚ್ಚಿಗಿ ತಗೀಬಹುದು ಅಂತ. ಮೊದಲನೇ ಸೀಸನ್ ಏನೂ ತಗೀಬ್ಯಾಡ್ರಿ, ಕಂಪನಿಯಿಂದ ಬಂದ ಸ್ಟಾಕ್ ಇಂಜಿನ್ ಇರ್ಲಿ. ಒಬ್ಬನ ಟೈಮ್ ಹಚ್ಚಿ ಓಡ್ಸೂದು ಬ್ಯಾರೆ, ಒಂದು ಸಾಲು ಗಾಡಿ ಒಮ್ಮೆಲೆ ಒಂದ ಟರ್ನಿಂಗಿಗೆ ನುಗ್ಗೂ ರೇಸ್ ಬ್ಯಾರೆ. ಇಲ್ಲಿ ಬಾಜೂಕ ಒಬ್ಬ ಇರ್ತಾನ, ಹಿಂದ ಒಬ್ಬ ಬಂಪರ್ ಹಚ್ಚಿಕೊಂಡ ಬರ್ತಿರ್ತಾನ, ಬಡೀತಾವ, ತಿಕ್ತಾವ. ಇದ್ರಾಗ ಬೇಕಾಗೂದು ಕಡೀ ಲ್ಯಾಪ್ ತನಕ ಬ್ರೇಕ್ ಹಿಡಿಯೂ ಗಾಡಿ, ಬಿಸಿ ಆಗಿ ನಿಲ್ಲದ ಗಾಡಿ, ಬಡಿಸಿಕೊಂಡ್ರೂ ಒಳಗಿರಾವ ಎದ್ದು ಹೊರಗ ಬರೂವಂಥ ಗಾಡಿ. ಪವರ್ ಆಮ್ಯಾಲ.

ಹೊರಗಿನ ದೇಶದಾಗ ಈ ಕೆಲಸಕ್ಕ ಮಾಜ್ಡಾ ಮಿಯಾಟಾ ಅಂತ ಎರಡ್ ಸೀಟಿನ, ಮ್ಯಾಲ ತೆರೆಯೂವಂಥ ಸಣ್ಣ ರೋಡ್‌ಸ್ಟರ್ ಭಾಳ ಚಾಲ್ತಿ, 1989ರಾಗ ಬಂದದ್ದು, ಒಂದು ಟನ್ ಒಳಗಿನ ತೂಕ, ಇಂಜಿನ್ ಮುಂದ, ಅದು ತಿರುಗಸೂ ಗಾಲಿ ಹಿಂದಿನವು. ಅಮೆರಿಕಾದಾಗ ಸ್ಪೆಕ್ ಮಿಯಾಟಾ ಅಂತ ಅದಕ್ಕೊಂದ ಬ್ಯಾರೆ ಕ್ಲಾಸ ಐತಿ, ಎಲ್ಲಾರದೂ ಒಂದ ಥರದ ಗಾಡಿ, ಹಂಗಾಗಿ ಖರ್ಚು ಹತೋಟಿ ಒಳಗ ಇರ್ತೈತಿ. ನಮ್ಮಲ್ಲಿ ಅದು ಮಾರಾಟಕ್ಕ ಬರ್ಲಿಲ್ಲ. ಬಾಜೂಕಿನ ಗೋವಾದಾಗ ಸ್ಯಾನ್ ಸ್ಟಾರ್ಮ್ ಅಂತ ಫೈಬರ್ ಬಾಡಿ, 1.2 ಲೀಟರ್ ರೆನೋ ಇಂಜಿನ್ ಇದ್ದ ಸಣ್ಣ ರೋಡ್‌ಸ್ಟರ್ ಮಾಡ್ತಿದ್ರು, ಎಲ್ಲ್ಯರ ಒಂದು ಸಿಕ್ರ ತೊಳದು ಒರಸಿ ಇಟ್ಕೋರಿ, ಕಟ್ ಮಾಡಬ್ಯಾಡ್ರಿ, ಪಾಪ. ರೇಸಿಗೆ ನಮಗ ಮಾರುತಿ ಎಸ್ಟೀಮ್ ಸಾಕು. 1298 ಸಿಸಿ, 16 ವಾಲ್ವ್ ಮಾಡೆಲ್ ಸುಮಾರು 85 ಹಾರ್ಸ್‌ಪವರ್, ತೂಕ 900 ಕೇಜಿ ಒಳಗ. ಮೊದಲಿನ ಸ್ವಿಫ್ಟ್ ಪೆಟ್ರೋಲಿಗೂ ಅದ ಇಂಜಿನ್ ಮನೆತನ, ಹಂಗಾಗಿ ಪಾರ್ಟ್ಸಿಗೆ ಚಿಂತಿ ಇಲ್ಲ, ಆಟೋ ನಗರದಾಗ ಅಡ್ಡಾಡಿದ್ರ ಗೇರ್‌ಬಾಕ್ಸ್, ಆಕ್ಸಲ್, ಹಬ್ ಎಲ್ಲಾ ಸೆಕೆಂಡ್ ಹ್ಯಾಂಡ್ ಸಿಗ್ತಾವ. ಗಾಡಿ ತಗೊಳ್ಳೂವಾಗ ಇಂಜಿನ್ ಕಡೆ ನೋಡಬ್ಯಾಡ್ರಿ, ಬಾಡಿ ನೋಡ್ರಿ, ಫ್ಲೋರ್, ಮುಂದಿನ ಚಾಸಿ ಕಾಲು, ಶಾಕಪ್ ಕೂಡ್ರೂ ಜಾಗ, ಇವು ಜಂಗ್ ತಿಂದಿದ್ರ ಫುಕಟ್ ಕೊಟ್ರೂ ಬ್ಯಾಡ. ಕರಾವಳಿ ಕಡೆ ಓಡಿದ್ ಗಾಡಿ ಅಂದ್ರ ಕೆಳಗ ಮಲಕೊಂಡು ಸ್ಕ್ರೂಡ್ರೈವರ್‌ಲೆ ತಿವದು ನೋಡ್ರಿ.

ಇನ್ನ ಪಾನಾ ಹಿಡಿಯೂಕಿಂತ ಮೊದ್ಲ ಓದೂ ಕೆಲಸ ಐತಿ. ನಮ್ಮ ದೇಶದಾಗ ಮೋಟಾರ್ ರೇಸಿಗೆ ಫೆಡರೇಶನ್ ಅಂದ್ರ ಎಫ್‌ಎಂಎಸ್‌ಸಿಐ. ನೀವು ಯಾವ ಕ್ಲಾಸಿನ್ಯಾಗ ಓಡ್ಸಾವ್ರು ಅದರ ಈ ವರ್ಷದ ಟೆಕ್ನಿಕಲ್ ರೂಲ್ಸ್ ತಗೊಂಡು ಪ್ರಿಂಟ್ ಹಾಕಿಸಿ ಗ್ಯಾರೇಜ್ ಗ್ವಾಡಿಗೆ ಹಚ್ಚ್ರಿ. ರೂಲ್ಸ್ ಪ್ರತಿ ವರ್ಷ ಬದಲ ಆಗ್ತಾವ, ಕ್ಲಾಸ ಇರ್ತಾವ ಹೊಕ್ಕಾವ, ಹಿಂದಿನ ವರ್ಷದ್ದು ನೋಡಿ ಸಾಮಾನ ತರಬ್ಯಾಡ್ರಿ. ಓದೂ ರೀತಿ ಹೆಂಗಂದ್ರ, ಮಾಡಬಹುದು ಅಂತ ಬರದಿಲ್ಲಂದ್ರ ಅದನ್ನ ಮಾಡೂ ಹಂಗಿಲ್ಲ. ಮಾಡಬಾರದು ಅಂತ ಎಲ್ಲಿ ಬರದಾರ ತೋರಿಸ್ರಿ ಅನ್ನೂ ವಾದ ಸ್ಕ್ರೂಟಿನಿ, ಅಂದ್ರ ರೇಸಿನ ಮುಂಚೆ ಗಾಡಿ ತಪಾಸಣಿ ಮಾಡೂ ಟೇಬಲ್ ಮುಂದ ನಡ್ಯಾಂಗಿಲ್ಲ.

ಆಮ್ಯಾಲ ಬಿಚ್ಚೂ ಕೆಲಸ. ಸೀಟು, ಕಾರ್ಪೆಟ್, ಏಸಿ, ಪವರ್ ವಿಂಡೋ, ಹಿಂದಿನ ಸೀಟು, ಸೌಂಡ್ ಬರಬಾರದಂತ ಫ್ಲೋರಿಗೆ ಅಂಟಿಸಿದ ಡಾಂಬರ್ ಶೀಟು, ಎಲ್ಲಾ ಹೊರಗ. ಡಾಂಬರ್ ಶೀಟಿಗೆ ಹೀಟ್ ಗನ್ ಹಿಡದು ಪಟ್ಟಿಲೆ ಕೆರೀಬೇಕು, ಬ್ಯಾಸರದ ಕೆಲಸ, ಗೆಳ್ಯಾರನ್ನ ಕರಕೊಳ್ರಿ. ಇದನ್ನ ಮಳಿಗಾಲದಾಗ ಮಾತ್ರ ಹಚ್ಚಿಕೋಬ್ಯಾಡ್ರಿ, ಬೆಳಗಾವಿ ಮಳಿ ಗೊತ್ತಲ್ಲ, ಜೂನ್‌ದಾಗ ಬಣ್ಣ ಕೆತ್ತಿ ಬರೇ ಪತ್ರಾ ಬಿಟ್ರ ನಾಕ ದಿನಕ್ಕ ಕೆಂಪ ಜಂಗ್. ದಸರಾ ಆದಮ್ಯಾಲ ಶುರು ಮಾಡ್ರಿ, ಬ್ಯಾಸಗಿ ಒಳಗ ಕೇಜ್ (ಗಾಡಿ ಉರುಳಿದ್ರ ಒಳಗಿರಾವನ್ನ ಕಾಯೂ ಪೈಪಿನ ಪಂಜರ), ಪೇಂಟ್ ಎರಡೂ ಮುಗಸ್ರಿ.

ಈಗ ಕೇಜ್. ಇದರ ಬಗ್ಗೆ ಸ್ವಲ್ಪ ಹೆಚ್ಚಿಗಿನ ಬರೀತೀನಿ ಯಾಕಂದ್ರ ಜೀವ ಉಳಸೂದು ಇದ. ನಮ್ಮ ಉದ್ಯಮಬಾಗದಾಗ ವೆಲ್ಡಿಂಗಿಗೆ, ಬೆಂಡಿಂಗಿಗೆ ಕೊರತಿ ಇಲ್ಲ, ಕೊರತಿ ಇರೂದು ಇದು ಗೇಟು ಗ್ರಿಲ್ ಅಲ್ಲ ಅನ್ನೂ ತಿಳುವಳಿಕಿದು. ಜಿಐ ಪೈಪ್, ನೀರಿನ ಪೈಪ್, ಉದ್ದಕ್ಕ ಹೊಲಿಗಿ ಇರೂ ಇಆರ್‌ಡಬ್ಲ್ಯೂ ಪೈಪ್, ಇವ್ಯಾವೂ ನಡ್ಯಾಂಗಿಲ್ಲ. ಜಗತ್ತಿನ ಮೋಟಾರ್ ರೇಸ್ ಸಂಸ್ಥೆ ಎಫ್‌ಐಎದ ರೂಲ್ಸ್, ಅಪೆಂಡಿಕ್ಸ್ ಜೆ, ಆರ್ಟಿಕಲ್ 253 ಹೇಳೂದು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಟ್ಯೂಬ್. ಡ್ರೈವರ್ ಹಿಂದ ಕಮಾನಿನಂಗ ನಿಲ್ಲೂ ಮೇನ್ ಹೂಪಿಗೆ 45 ಎಂಎಂ ಹೊರಮೈ 2.5 ಎಂಎಂ ದಪ್ಪ, ಇಲ್ಲಾ 50 ಎಂಎಂ 2 ಎಂಎಂ ದಪ್ಪ. ಉಳದದ್ದಕ್ಕ 38ಕ್ಕ 2.5, ಇಲ್ಲಾ 40ಕ್ಕ 2. ಟ್ಯೂಬ್ ತಗೊಳ್ಳೂವಾಗ ಟೆಸ್ಟ್ ಸರ್ಟಿಫಿಕೇಟ್ ಕೇಳ್ರಿ, ಕೊಡಾಂಗಿಲ್ಲಂದ್ರ ಬ್ಯಾರೆ ಅಂಗಡಿ ನೋಡ್ರಿ. ಮೇನ್ ಹೂಪ್ ಒಂದ ಉದ್ದ ಪೈಪಿನ್ಯಾಗ ಬಗ್ಗಸ್ಬೇಕು, ನಡುವ ಜೋಡ ಹಾಕೂ ಹಂಗಿಲ್ಲ. ಬಗ್ಗಸೂದು ಕೋಲ್ಡ್ ಬೆಂಡ್, ಗ್ಯಾಸ್ ಹಿಡದು ಕೆಂಪಗ ಮಾಡಿ ಬಗ್ಗಸಿದ್ರ ಸ್ಟೀಲಿನ ಗುಣ ಹೋತು, ಒಳಬದಿ ಸುಕ್ಕು ಬಂದ್ರೂ ಅದು ಸ್ಕ್ರ್ಯಾಪ್.

ಪೈಪಿಗೆ ಪೈಪ್ ಕೂಡೂ ಕಡೆ ಹೋಲ್ ಸಾ ಹಾಕಿ ಮೀನಿನ ಬಾಯಿ ಥರ ಕೊಯ್ದು ಸಂದಿ ಇಲ್ಲದಂಗ ಕೂಡಿಸಿ ಸುತ್ತೂಕಡೆ ಪೂರ್ತಿ ವೆಲ್ಡ್ ಆಗಬೇಕು. ಮ್ಯಾಲ ರೂಫಿಗೆ ಹತ್ರ ಇರೂ ಜಾಗದಾಗ ವೆಲ್ಡಿಂಗ್ ಟಾರ್ಚ್ ಹೋಗಾಂಗಿಲ್ಲ, ಅಲ್ಲಿ ಅರ್ಧ ವೆಲ್ಡ್ ಮಾಡಿ ಬಣ್ಣ ಹೊಡೀತಾರ. ಅದಕ್ಕ ಉಪಾಯ ಏನಂದ್ರ, ಕಾಲು ಕೂಡ್ರೂ ಕಡೆ ಫ್ಲೋರಿಗೆ ತೂತು ಮಾಡಿ ಇಡೀ ಕೇಜ್ ಕೆಳಗ ಇಳಿಸಿ, ಮ್ಯಾಲಿನ ವೆಲ್ಡ್ ಮುಗಿಸಿ, ಮತ್ತ ಎತ್ತಿ ಪ್ಲೇಟ್ ಮ್ಯಾಲ ಕೂಡ್ರಿಸಿ ವೆಲ್ಡ್ ಮಾಡೂದು. ಕಾಲಿನ ಕೆಳಗ 3 ಎಂಎಂ ಪ್ಲೇಟ್, ಕಮ್ಮಿ ಅಂದ್ರ 120 ಚದರ ಸೆಂಟಿಮೀಟರ್, ಬಾಡಿಗೆ ಹಚ್ಚಿ ವೆಲ್ಡ್, ಇಲ್ಲಂದ್ರ ಆಕ್ಸಿಡೆಂಟ್‌ದಾಗ ಪೈಪ್ ಫ್ಲೋರ್ ಹರ್ಕೊಂಡು ಕೆಳಗ ಹೋಗ್ತೈತಿ, ಕೇಜ್ ಇದ್ದೂ ಉಪಯೋಗ ಇಲ್ಲ. ಬೋಲ್ಟ್ ಹಾಕೂ ಕಡೆ ಕಮ್ಮಿ ಅಂದ್ರೂ 8 ಎಂಎಂ, 8.8 ಗ್ರೇಡ್. ಡ್ರೈವರ್ ಬಾಗಲಕ್ಕ ಅಡ್ಡ ಎರಡ್ ಪೈಪ್ ಹಾಕ್ರಿ, ನಿಮಗ ಬಡಿಯೂದು ಬಾಜೂಕಿಂದ. ಹೆಲ್ಮೆಟ್ ಹತ್ತೂ ಕಡೆ ಎಲ್ಲಾ ಗಟ್ಟಿ ಪ್ಯಾಡಿಂಗ್, ಸೈಕಲ್ ಹ್ಯಾಂಡಲ್ಲಿನ ಮೆತ್ತನ ಸ್ಪಂಜ್ ಅಲ್ಲ.

ಸೀಟು, ಬೆಲ್ಟು, ಹೆಲ್ಮೆಟ್ ಈ ಮೂರರಾಗ ಉಳಿತಾಯ ಮಾಡಬ್ಯಾಡ್ರಿ. ಎಫ್‌ಐಎ ಸೀಟಿನ ಮ್ಯಾಲ ತಯಾರಾದ ತಾರೀಖಿನ ಲೇಬಲ್ ಇರ್ತೈತಿ, 8855-1999 ಸ್ಟ್ಯಾಂಡರ್ಡಿನ ಸೀಟಿಗೆ 5 ವರ್ಷ ಆಯುಷ್ಯ, ಸೆಕೆಂಡ್ ಹ್ಯಾಂಡ್ ಸಿಕ್ತಂತ ಖುಷಿಲೆ ತಂದು ಸ್ಕ್ರೂಟಿನಿಯಾಗ ಔಟ್ ಆಗೂದು ಭಾಳ. ಬೆಲ್ಟಿಗೂ ಹಂಗ ಎಕ್ಸ್‌ಪೈರಿ ಇರ್ತೈತಿ. ಆರು ಪಾಯಿಂಟಿನ ಬೆಲ್ಟ್ ತಗೋರಿ, ಭುಜದ ಪಟ್ಟಿ ಸೀಟಿನಿಂದ ಹಿಂದಕ್ಕ ಆದಷ್ಟು ಸಪಾಟ ಹೋಗಬೇಕು, 45 ಡಿಗ್ರಿ ದಾಟಿ ಫ್ಲೋರಿಗೆ ಇಳದ್ರ ಬಡದಾಗ ಬೆನ್ನುಹುರಿ ಒತ್ತಿಬಿಡತೈತಿ. ಐಎಸ್‌ಐ ಬೈಕ್ ಹೆಲ್ಮೆಟ್ ನಡ್ಯಾಂಗಿಲ್ಲ, ಕಾರ್ ರೇಸಿನ ಹೆಲ್ಮೆಟ್ ಬೆಂಕಿ ತಡೀಬೇಕು. ಕುತ್ತಿಗಿಗೆ ಹ್ಯಾನ್ಸ್ (ಬಡದಾಗ ತಲಿ ಮುಂದ ಎಗರದಂಗ ಹೆಲ್ಮೆಟ್ ಹಿಡಿಯೂ ಸಾಧನ), ಅದನ್ನ ಕಡೀಕ ನೋಡೂನು ಅನಬ್ಯಾಡ್ರಿ.

ವೈಯರಿಂಗ್‌ದಾಗ ಒಂದ ಮಾತು. ಕಿಲ್ ಸ್ವಿಚ್, ಅಂದ್ರ ಅಪಘಾತದಾಗ ಗಾಡಿ ಪೂರ್ತಿ ಬಂದ್ ಮಾಡೂ ಸ್ವಿಚ್, ಬರೇ ಬ್ಯಾಟರಿ ಕಟ್ ಮಾಡೂದಾದ್ರ ಇಂಜಿನ್ ನಿಲ್ಲಾಂಗಿಲ್ಲ, ಆಲ್ಟರ್ನೇಟರ್ ಕರೆಂಟ್ ಕೊಡ್ತಾ ಇರತೈತಿ, ಪೆಟ್ರೋಲ್ ಪಂಪ್ ನಡದ ನಡೀತೈತಿ. ಅದಕ್ಕ ಆರು ಟರ್ಮಿನಲ್ ಇರೂ ಸ್ವಿಚ್ಚ ಬೇಕು, ಇಗ್ನಿಷನ್ನೂ ಅದರಾಗಿಂದ ಹಾಯ್ಸಬೇಕು. ಒಳಗ ಬೆಲ್ಟ್ ಕಟ್ಟಿಕೊಂಡಾವಗ ಕೈಗೆ ಸಿಗಬೇಕು, ಹೊರಗಿಂದ ಟ್ರ್ಯಾಕ್ ಕಾಯೂ ಮಾರ್ಶಲ್‌ಗೂ ಸಿಗಬೇಕು, ನೀಲಿ ತ್ರಿಕೋನದಾಗ ಕೆಂಪ ಮಿಂಚಿನ ಸ್ಟಿಕ್ಕರ್ ಹಚ್ಚ್ರಿ.

ಬ್ರೇಕಿಗೆ ಬರೂನು, ಇಲ್ಲಿ ನಮ್ಮೂರವರಿಗೆ ಒಂದು ವಿಶೇಷ ಮೋಸದ ಜಾಗ ಐತಿ. ಬೆಳಗಾವಿ ಹೈಡ್ರಾಲಿಕ್ಸಿಗೆ ಹೆಸರಾದ ಊರು, ಗಲ್ಲಿಗೊಂದು ಹೋಸ್ ಕ್ರಿಂಪಿಂಗ್ ಅಂಗಡಿ, ಅಲ್ಲಿ ಹೋಗಿ ಇಷ್ಟುದ್ದ ಹೋಸ್ ಮಾಡಿಕೊಡ್ರಿ ಅಂದ್ರ ಚಾ ಕುಡಿಯೂದ್ರಾಗ ಮಾಡಿಕೊಡ್ತಾರ, ಪ್ರೆಶರೂ ಬ್ರೇಕಿಗಿಂತ ಜಾಸ್ತಿನ ತಡೀತೈತಿ. ಆದ್ರ ಆ ಹೋಸಿನ ಒಳಗಿನ ರಬ್ಬರ್ ಸಾಮಾನ್ಯವಾಗಿ ನೈಟ್ರೈಲ್, ಮಿನರಲ್ ಆಯಿಲ್‌ಗೆ ಮಾಡಿದ್ದು. ಬ್ರೇಕ್ ಆಯಿಲ್ ಗ್ಲೈಕಾಲ್, ಅದರಾಗ ನೈಟ್ರೈಲ್ ಉಬ್ಬಿ ಮೆತ್ತಗ ಆಗ್ತೈತಿ. ಬ್ರೇಕಿಗೆ ಪಿಟಿಎಫ್‌ಇ (ಟೆಫ್ಲಾನ್) ಒಳಪದರ, ಮ್ಯಾಲ ಸ್ಟೀಲ್ ಜಾಳಿಗಿ ಇರೂ ಲೈನ್ ತಗೋರಿ. ಅದ ಕ್ರಿಂಪಿಂಗ್ ಅಂಗಡಿಯವನ ಕಡೆ ಆಯಿಲ್ ಕೂಲರ್ ಹೋಸ್ ಮಾಡಸ್ರಿ, ಅದಕ್ಕ ಅವನ ಮಾಲು ಒಂದ ನಂಬರ್.

ಬ್ರೇಕ್ ಆಯಿಲ್ ಡಾಟ್ 4, ಆಗ್ತದಂದ್ರ 5.1. ಹೊಸಾ ಡಾಟ್ 4 ಕುದಿಯೂದು ಕಮ್ಮಿ ಅಂದ್ರ 230 ಡಿಗ್ರಿಗೆ, ಗಾಳ್ಯಾಗಿನ ನೀರು ಹೀರಿಕೊಂಡದ್ದು 155ಕ್ಕ ಇಳೀತೈತಿ, ಕುದ್ದ್ರ ಪೆಡಲ್ ಸೀದಾ ಫ್ಲೋರಿಗೆ. ಅದಕ್ಕ ಪ್ರತಿ ರೇಸಿನ ಮುಂಚೆ ಹೊಸಾ ಸೀಲ್ ಡಬ್ಬಿ ಒಡದು ಬ್ಲೀಡ್ ಮಾಡ್ರಿ, ಅಂದ್ರ ಹಳೇ ಆಯಿಲ್, ಗಾಳಿ ಹೊರಗ ತಗೀರಿ, ಅರ್ಧ ಉಳದದ್ದು ಮನಿ ಗಾಡಿಗೂ ಹಾಕಬ್ಯಾಡ್ರಿ. ಪ್ಯಾಡ್ ರೇಸಿಂದು. ಫಾಗ್ ಲ್ಯಾಂಪ್ ಜಾಗದಿಂದ ಡಿಸ್ಕ್ ನಡುವಿಗೆ ಒಂದು ಗಾಳಿ ಪೈಪ್ ಬಿಡ್ರಿ, ಇದು ಅಗ್ಗದಾಗ ಆಗೂ ಭಾಳ ಚೊಲೋ ಕೆಲಸ.

ಕೂಲಿಂಗ್ ವಿಚಾರ ಬೆಳಗಾವಿ ತಂಪಿನ್ಯಾಗ ಗೊತ್ತಾಗಾಂಗಿಲ್ಲ. ರೇಸ್ ಟ್ರ್ಯಾಕ್ ಇರೂ ಚೆನ್ನೈ, ಕೊಯಮತ್ತೂರು ಬಿಸಲಾಗ, ಅದೂ ಮುಂದಿನ ಗಾಡಿ ಹಿಂದ ಅಂಟಿಕೊಂಡ ಹೋಗೂವಾಗ ರೇಡಿಯೇಟರಿಗೆ ತಣ್ಣನ ಗಾಳಿ ಸಿಗಾಂಗಿಲ್ಲ, ಅವನ ಸೈಲೆನ್ಸರಿನ ಬಿಸಿನ ನಿಮಗ. ಏಸಿ ಕಂಡೆನ್ಸರ್ ತಗದ ಜಾಗದಾಗ ಒಂದು ಸಾಲು ಹೆಚ್ಚಿಗಿನ ಕೋರ್ ಇರೂ ರೇಡಿಯೇಟರ್, ಸುತ್ತೂಕಡೆ ಪತ್ರಾ ಹಾಕಿ ಸಂದಿ ಮುಚ್ಚ್ರಿ, ಗಾಳಿ ಬಾಜೂಕ ತಪ್ಪಿಸಿಕೊಂಡು ಹೋಗಬಾರದು. ಆಯಿಲ್ ಚೇಂಬರ್ ಇಳಿಸಿ ಒಳಗ ಆಯಿಲ್ ಹರಿದು ಹೋಗದಂಗ ಅಡ್ಡ ಬ್ಯಾಫಲ್ ಪಟ್ಟಿ ವೆಲ್ಡ್ ಮಾಡಸ್ರಿ, ಉದ್ದ ಟರ್ನಿಂಗ್‌ದಾಗ ಆಯಿಲ್ ಎಲ್ಲಾ ಒಂದ ಬಾಜೂ ಹೋಗಿ ಪಂಪಿಗೆ ಗಾಳಿ ಸಿಕ್ರ ಬೇರಿಂಗ್ ಕಥಿ ಮುಗೀತು. ಆಯಿಲ್ ಪ್ರೆಶರಿಗೆ ಗೇಜ್ ಅಷ್ಟ ಅಲ್ಲ, ಕಣ್ಣಿಗೆ ಹೊಡಿಯೂ ದೊಡ್ಡ ಕೆಂಪ ಲೈಟ್ ಹಚ್ಚ್ರಿ, ರೇಸ್‌ದಾಗ ಮುಳ್ಳು ಯಾರೂ ನೋಡಾಂಗಿಲ್ಲ. ಇಂಜಿನ್ ಒಳಗಿನ ಆವಿ ಹೊರಗ ಬಿಡೂ ಬ್ರೀದರ್ ಪೈಪ್ ಕೆಳಗ ಬಿಡದ 2 ಲೀಟರ್ ಕ್ಯಾಚ್ ಟ್ಯಾಂಕಿಗೆ ಕೊಡ್ರಿ, ಟ್ರ್ಯಾಕ್ ಮ್ಯಾಲ ಆಯಿಲ್ ಚೆಲ್ಲಿದ್ರ ಹಿಂದಿನವನ ಜೀವಕ್ಕ ಬರತೈತಿ.

ಸಸ್ಪೆನ್ಷನ್‌ದಾಗ ಎಲ್ಲಾ ಬುಶ್ ಹೊಸಾವು, ರೇಸ್ ಶಾಕಪ್, ಗಟ್ಟಿ ಸ್ಪ್ರಿಂಗ್, ಮುಂದಿನ ಗಾಲಿಗೆ 2ರಿಂದ 3 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಗಾಲಿ ಮ್ಯಾಲಿನ ತುದಿ ಒಳಗ ವಾಲಿಸೂದು), ಅಲ್ಲಿಂದ ಟೈರ್ ಸವಿಯೂದು ನೋಡಿ ತಿದ್ದಿಕೋರಿ. ಜನ ಬಿಡೂದು ಕಾರ್ನರ್ ವೇಟ್, ಅಂದ್ರ ಒಂದೊಂದ ಗಾಲಿ ಮ್ಯಾಲ ಬೀಳೂ ತೂಕ. ಅದರ ಕಾಟಾ ತುಟ್ಟಿ, ಕಬ್ಬಿನ ಟ್ರ್ಯಾಕ್ಟರ್ ತೂಗೂ ದೊಡ್ಡ ಕಾಟಾದ ಮ್ಯಾಲ ಒಂದೊಂದ ಗಾಲಿ ತೂಕ ಸರಿ ಸಿಗಾಂಗಿಲ್ಲ. ಎಪಿಎಂಸಿ ಅಡತಿ ಅಂಗಡ್ಯಾಗ ಚೀಲ ತೂಗೂ 500 ಕೇಜಿ ಎಲೆಕ್ಟ್ರಾನಿಕ್ ಕಾಟಾ ನಾಕು ಒಂದು ರವಿವಾರಕ್ಕ ಕೇಳಿ ತರ್ರಿ. ಗೌಂಡಿಗಳು ಬಳಸೂ ನೀರಿನ ಪೈಪ್ ಹಿಡದು ನಾಕೂ ಒಂದ ಲೆವೆಲ್ ಮಾಡ್ರಿ, ಡ್ರೈವರ್ ಸೀಟಿನ್ಯಾಗ ನೀವ ಕುಂದ್ರ್ರಿ, ಇಲ್ಲಾ ನಿಮ್ಮ ತೂಕದ ಜ್ವಾಳದ ಚೀಲ ಇಡ್ರಿ. ಬಲ ಮುಂದಿನದು, ಎಡ ಹಿಂದಿನದು ಕೂಡಿಸಿ ಒಟ್ಟು ತೂಕಕ್ಕ ಭಾಗಿಸಿದ್ರ ಅರ್ಧ ಬರಬೇಕು. ಕಮ್ಮಿ ಬಂದ್ರ ಆ ಎರಡರಾಗ ಒಂದರ ಸ್ಪ್ರಿಂಗ್ ಕೂಡ್ರೂ ತಟ್ಟಿ ಸ್ವಲ್ಪ ಏರಸ್ರಿ, ಆ ಮೂಲಿಗೂ ಅದರ ಎದುರ ಮೂಲಿಗೂ ಭಾರ ಏರತೈತಿ. ಇದಾದಮ್ಯಾಲ ಗಾಡಿ ಎಡಕ್ಕ ಒಂಥರಾ ಬಲಕ್ಕ ಒಂಥರಾ ತಿರುಗೂದು ನಿಲ್ಲತೈತಿ.

ಇಂಜಿನ್: ಕಂಪ್ರೆಶನ್ ಚೆಕ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಸೀಲ್, ಮೌಂಟಿಂಗ್ ಹೊಸಾವು. ಮುಗೀತು.

ಗಾಡಿ ಹಿಂಗಾದಮ್ಯಾಲ ರೋಡಿಗೆ ತರೂ ಹಂಗಿಲ್ಲ, ಮೋಟಾರ್ ವೆಹಿಕಲ್ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟದ್ದಕ್ಕ ಹಿಂಗ ಬದಲ ಮಾಡಿ ಓಡ್ಸಾಕ ಬರಾಂಗಿಲ್ಲ. ಬೈಪಾಸ್ ಮ್ಯಾಲ ರಾತ್ರಿ ಒಂದು ರೌಂಡ್ ಅನ್ನೂದು ಬಿಟ್ಟ ಬಿಡ್ರಿ, ಟ್ರಕ್ಕಿನ್ಯಾಗ ಏರಸ್ರಿ. ಮಜಾ ಅಂದ್ರ ನಮ್ಮೂರ ಬಾಜೂಕ ಹಾಯೂ ಎನ್‌ಎಚ್ 48ನ ಬೆಂಗಳೂರ ದಾಟಿ ಶ್ರೀಪೆರಂಬದೂರ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್ ಕಡೆ ಹೋಗತೈತಿ, 3.7 ಕಿಲೋಮೀಟರ್ ಟ್ರ್ಯಾಕ್. ಹೊಸಬರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಚೊಲೋ, 2 ಕಿಲೋಮೀಟರ್ ಚಿಲ್ಲರೆ. ಗಾಡಿ ತಯಾರಾಗೂತನಕ ಕೈ ಖಾಲಿ ಬಿಡಬ್ಯಾಡ್ರಿ, ಕೊಲ್ಹಾಪುರದಾಗ ಕಾರ್ಟಿಂಗ್ ಟ್ರ್ಯಾಕ್ ಐತಿ, ಅಲ್ಲಿ ಬಾಜೂಕ ಬಾಜೂ ಓಡ್ಸೂ ಅಭ್ಯಾಸ ಮಾಡ್ರಿ. ಲೈಸೆನ್ಸಿಗೆ ಏನೇನ ಟ್ರೇನಿಂಗ್, ಮೆಡಿಕಲ್ ಬೇಕು ಅನ್ನೂದು ಫೆಡರೇಶನ್ ಕಡೆ ಮೊದ್ಲ ವಿಚಾರ್ಸ್ಕೋರಿ, ರೇಸಿನ ವಾರ ಓಡ್ಯಾಡಿದ್ರ ಆಗಾಂಗಿಲ್ಲ.

ಟೆಸ್ಟಿಂಗ್ ದಿನ ಮೊದಲ ಸಲ ಎರಡ ಲ್ಯಾಪ್ ಅಷ್ಟ, ಮೆಲ್ಲಕ. ಪಿಟ್ಟಿಗೆ ಬಂದು ಇಂಜಿನ್ ಬಂದ್ ಮಾಡಿ ಕೆಳಗ ಮಲಕೊಂಡು ಟಾರ್ಚ್ ಹಿಡದು ಎಲ್ಲೆ ಹನಿ ಬೀಳಾತೈತಿ ನೋಡ್ರಿ. ಗಾಲಿ ನಟ್ ಟಾರ್ಕ್ ರೆಂಚ್‌ಲೆ ಮತ್ತ ಹಿಡೀರಿ, ಹೊಸಾ ಸ್ಟಡ್ ಆದ್ರ ಬಿಸಿ ಆದಮ್ಯಾಲ ಸಡ್ಲ ಬಿಡ್ತಾವ. ಕಾಲಿಪರ್ ಬೋಲ್ಟ್, ಬಾಲ್ ಜಾಯಿಂಟ್, ಆಕ್ಸಲ್ ನಟ್‌ಗೆ ಪೇಂಟ್ ಪೆನ್‌ಲೆ ಗೆರಿ ಎಳದಿಡ್ರಿ, ತಿರುಗಿದ್ರ ದೂರಿಂದನ ಕಾಣತೈತಿ. ಟೈರ್ ಗಾಳಿ ಬಿಸಿ ಇದ್ದಾಗನ ಬರಕೋರಿ. ಸ್ಪೇರ್ ಪೆಟ್ಟಿಗಿಯಾಗ ಮುಂದಿನ ಹಬ್ ಬೇರಿಂಗ್ ಸಮೇತ ರೆಡಿ, ಎರಡೂ ಆಕ್ಸಲ್, ಕ್ಲಚ್ ಕೇಬಲ್, ಗಾಲಿ ಸ್ಟಡ್, ಒಂದು ಸೆಟ್ ಪ್ಯಾಡ್. ಬೆಳಗಾವಿ ಆಟೋ ನಗರ ಚೆನ್ನೈದಿಂದ 800 ಕಿಲೋಮೀಟರ್ ಮ್ಯಾಲ ಐತಿ, ರವಿವಾರ ಮುಂಜಾನೆ ಚೆನ್ನೈದಾಗ ಹಳೇ ಎಸ್ಟೀಮ್ ಆಕ್ಸಲ್ ಹುಡ್ಕೂ ಪರಿಸ್ಥಿತಿ ತಂದ್ಕೋಬ್ಯಾಡ್ರಿ.