ಪೇಟಿಯ ಹಿಂದೆ ಮೂರು ಸಿಂತ್

ಕಲಬುರಗಿಯಲ್ಲಿ ಮನೆಯೊಳಗೆ ತತ್ವಪದ, ಭಜನೆ ರೆಕಾರ್ಡ್ ಮಾಡುವಾಗ ಪೇಟಿ, ದಮ್ಮಡಿ, ತಾಳ, ಏಕತಾರಿ ಎಲ್ಲವನ್ನೂ ಮೈಕಿನಲ್ಲೇ ಹಿಡಿಯುತ್ತೇನೆ. ಹಿಂದೆ ತುಂಬುವ ದನಿಗಷ್ಟೇ ಸಾಫ್ಟ್‌ವೇರ್ ಸಿಂತ್, ಅಂದರೆ ಕಂಪ್ಯೂಟರಿನಲ್ಲೇ ದನಿ ಹುಟ್ಟಿಸುವ ಸಿಂಥಸೈಜರ್. ಒಂದೇ ಸಿಂತಿನ ದಪ್ಪ ಪ್ಯಾಡ್ (ಹಿಂದೆ ಉದ್ದಕ್ಕೆ ಹರಿಯುವ ದನಿ) ಹಾಕಿದರೆ ಅದು ಹಾಡುವವರ ಮೇಲೆ ಹೋಗಿ ಕೂರುತ್ತದೆ. ಅದರ ಬದಲು ಮೂರು ತೆಳು ದನಿ ಜೋಡಿಸುತ್ತೇನೆ: ಕೆಳಗೆ ಸರ್ಜ್ ಎಕ್ಸ್‌ಟಿ, ನಡುವೆ ವೈಟಲ್, ಮೇಲೆ ಗಂಟೆಯಂಥ ಹೊಳಪಿಗೆ ಡೆಕ್ಸೆಡ್. 1983ರ ಯಮಾಹಾ ಡಿಎಕ್ಸ್7 ಕೀಬೋರ್ಡಿನ ದನಿ ಬೇಕಾದವರಿಗೆ ಡೆಕ್ಸೆಡ್ ಚಲೋ. ಮೂರಕ್ಕೂ ರೊಕ್ಕ ಕೊಡಬೇಕಿಲ್ಲ; ವೈಟಲ್‌ಗೆ ಉಚಿತ ಆವೃತ್ತಿಯೇ ಸಾಕು. ರೆಕಾರ್ಡಿಂಗ್ ರೀಪರ್ ಎಂಬ ಸಾಫ್ಟ್‌ವೇರ್‌ನಲ್ಲಿ, 48 ಕಿಲೋಹರ್ಟ್ಸ್, 24 ಬಿಟ್.

ಎಲ್ಲಕ್ಕಿಂತ ಮೊದಲು ಶ್ರುತಿ. ಸಿಂತ್ ತೆರೆದ ಕೂಡಲೇ 440ಕ್ಕೆ (‘ಎ’ ಸ್ವರ 440 ಹರ್ಟ್ಸ್ ಎಂಬ ಅಳತೆಗೆ) ನಿಂತಿರುತ್ತದೆ, ಪೇಟಿ ನಿಂತಿರಬೇಕೆಂದಿಲ್ಲ. ಪೇಟಿಯಲ್ಲಿ ಒಂದೇ ಸಾಲಿನ ರೀಡು ತೆರೆದಿಟ್ಟು, ಉಳಿದದ್ದು ಮುಚ್ಚಿ, ಹಾಡಿನ ಷಡ್ಜವನ್ನು ಹತ್ತು ಸೆಕೆಂಡು ಹಿಡಿದು ರೆಕಾರ್ಡ್ ಮಾಡಿ. ಎರಡು ಸಾಲು ತೆರೆದಿದ್ದರೆ ಅವೆರಡರ ನಡುವಿನ ಅಲೆಯೇ ಟ್ಯೂನರ್ ಮುಳ್ಳನ್ನು ಕುಣಿಸುತ್ತದೆ. ಬಾತಿಯನ್ನೂ (ಗಾಳಿಯ ತಿದಿ) ಹಾಡಿಗೆ ಹಾಕುವಷ್ಟೇ ಹಾಕಬೇಕು. ಜೋರು ಮಾಡಿದರೆ ರೀಡಿನ ಸ್ವರ ಜರಾ ಇಳಿಯುತ್ತದೆ. ಆ ಟ್ರ್ಯಾಕಿಗೆ ರೀಪರ್‌ನದೇ ರಿಯಾಟ್ಯೂನ್ ಎಂಬ ಟ್ಯೂನರ್ ಹಚ್ಚಿ ಸೆಂಟ್ (ಸೆಮಿಟೋನಿನ ನೂರನೇ ಒಂದು ಪಾಲು) ನೋಡಿಕೊಳ್ಳಿ. ಪೇಟಿ 445ಕ್ಕೆ ಇದ್ದರೆ ಸುಮಾರು 20 ಸೆಂಟ್ ಮೇಲೆ ತೋರಿಸುತ್ತದೆ. ಮೂರೂ ಸಿಂತನ್ನು ಅಷ್ಟೇ ಏರಿಸಬೇಕು. ಸರ್ಜ್‌ನಲ್ಲಿ ಸೀನಿನ ಪಿಚ್ 0.20 ಸೆಮಿಟೋನ್. ವೈಟಲ್‌ನಲ್ಲಿ ಓಡುತ್ತಿರುವ ಪ್ರತಿಯೊಂದು ಆಸಿಲೇಟರ್‌ನ (ದನಿ ಹುಟ್ಟಿಸುವ ಭಾಗ) ಫೈನ್ ಟ್ಯೂನ್. ಒಂದನ್ನು ಮರೆತರೆ ಇಡೀ ಪ್ಯಾಡ್ ಹುಳಿಯಾಗುತ್ತದೆ, ತಪ್ಪು ಎಲ್ಲಿದೆಯೆಂದು ಹುಡುಕಲು ಅರ್ಧ ತಾಸು ಬೇಕು. ಆಮೇಲೆ ಆಡಿಯೋವನ್ನೇ ಎಳೆದು ಸರಿಮಾಡುತ್ತೇನೆ ಎನ್ನಬೇಡಿ, ದನಿ ಮಸುಕಾಗುತ್ತದೆ.

ಜೋಡಣೆ ಹೀಗೆ. ‘ಕೀ’ ಎಂಬ ಖಾಲಿ ಟ್ರ್ಯಾಕಿಗೆ ಕೀಬೋರ್ಡಿನ ಮಿಡಿ (ಯಾವ ಸ್ವರ ಒತ್ತಿದಿರಿ ಎಂಬ ಸಂಕೇತ) ಬರಲಿ. ಅದರಿಂದ ಮೂರು ಸಿಂತ್ ಟ್ರ್ಯಾಕುಗಳಿಗೆ ಸೆಂಡ್ (ಸಂಕೇತ ಕಳಿಸುವ ದಾರಿ) ಕೊಡಿ, ಸೆಂಡಿನಲ್ಲಿ ಆಡಿಯೋ ‘ನನ್’, ಮಿಡಿ ‘ಆಲ್’. ರೆಕಾರ್ಡ್ ಗುಂಡಿ ಒತ್ತುವುದು ‘ಕೀ’ ಟ್ರ್ಯಾಕಿಗೆ ಮಾತ್ರ. ಸಿಂತ್ ಟ್ರ್ಯಾಕನ್ನೂ ಆರ್ಮ್ ಮಾಡಿ, ಇನ್‌ಪುಟ್‌ಗೆ ಅದೇ ಕೀಬೋರ್ಡ್ ಕೊಟ್ಟು ಮಾನಿಟರ್ ಹಚ್ಚಿದರೆ ಒಂದೇ ಸ್ವರ ಎರಡು ದಾರಿಯಿಂದ ಹೋಗಿ ಸಿಂತ್ ಎರಡೆರಡು ಸಲ ನುಡಿಯುತ್ತದೆ. ‘ದನಿ ಯಾಕೋ ದಪ್ಪ ಬಂತಲ್ಲ’ ಎಂದು ಖುಷಿಪಡುವವರು ಒಮ್ಮೆ ಇದನ್ನು ನೋಡಿಕೊಳ್ಳಲಿ. ಪಿಚ್ ಬೆಂಡ್ ಬಳಸುವುದಾದರೆ ಮೂರರಲ್ಲೂ ವ್ಯಾಪ್ತಿ ಒಂದೇ ಇರಲಿ, ನಾನು 2 ಸೆಮಿಟೋನ್ ಇಡುತ್ತೇನೆ. ಇಲ್ಲದಿದ್ದರೆ ಮೀಂಡ್ ಎಳೆದಾಗ ಒಂದು ದನಿ ಒಂದು ಊರಿಗೆ, ಇನ್ನೊಂದು ಇನ್ನೊಂದು ಊರಿಗೆ.

ಕೆಳಗಿನ ದನಿಯಲ್ಲಿ ಡಿಟ್ಯೂನ್ (ಆಸಿಲೇಟರ್‌ಗಳ ಶ್ರುತಿಯಲ್ಲಿ ಸಣ್ಣ ಅಂತರ) ಬೇಡವೇ ಬೇಡ. ಕರಿ ಒಂದರ (ಪೇಟಿಯ ಮೊದಲ ಕಪ್ಪು ಮನೆ) ಷಡ್ಜವನ್ನು ಸುಮಾರು 139 ಹರ್ಟ್ಸಿನಲ್ಲಿ ಹಿಡಿದಾಗ ಎರಡು ಆಸಿಲೇಟರ್ ನಡುವೆ 5 ಸೆಂಟ್ ಅಂತರ ಇದ್ದರೆ ಅಲೆ ಎರಡೂವರೆ ಸೆಕೆಂಡಿಗೊಂದು ಬರುತ್ತದೆ. ಶ್ರುತಿ ಉಬ್ಬುತ್ತ ಇಳಿಯುತ್ತ ಇರುತ್ತದೆ, ಏಕತಾರಿಯ ಜೊತೆ ಹೊಂದುವುದಿಲ್ಲ. ಅದೇ 5 ಸೆಂಟ್ ಎರಡು ಸಪ್ತಕ ಮೇಲೆ ಸೆಕೆಂಡಿಗೆ ಒಂದೂವರೆ ಅಲೆ ಕೊಡುತ್ತದೆ, ಅಲ್ಲಿ ಅದು ಚಂದ. ಹಾಗಾಗಿ ಸರ್ಜ್‌ನಲ್ಲಿ ಒಂದೇ ಆಸಿಲೇಟರ್, ಮೋನೋ. ಅಗಲ ಎಲ್ಲ ವೈಟಲ್‌ಗೆ.

ಈಕ್ಯೂ (ದನಿಯ ಕೆಳಗಿನ, ಮೇಲಿನ ಪಾಲನ್ನು ಬೇರೆ ಬೇರೆ ಏರಿಸಿ ಇಳಿಸುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈಟಲ್ ಪ್ಯಾಡಿನಲ್ಲಿ 250 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಪೇಟಿ ಮತ್ತು ಹಾಡುವವರ ದನಿ ಕೂರುವ 1ರಿಂದ 3 ಕಿಲೋಹರ್ಟ್ಸ್ ನಡುವೆ 3 ಡಿಬಿ ತಗ್ಗಿಸುತ್ತೇನೆ. ಡೆಕ್ಸೆಡ್ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಿರಲಿ. ತಾಳದ ಕಿಣಿಕಿಣಿಗೆ ಅಡ್ಡ ಬರಬಾರದು.

ಪ್ಯಾಡಿನ ಅಟ್ಯಾಕ್ (ದನಿ ಪೂರ್ತಿ ಏರಲು ಹಿಡಿಯುವ ಹೊತ್ತು) 300 ಮಿಲಿಸೆಕೆಂಡ್ ಇಟ್ಟರೆ ಅದು ಯಾವಾಗಲೂ ದಮ್ಮಡಿಗಿಂತ ಹಿಂದೆ ಬಿದ್ದಂತೆ ಕೇಳುತ್ತದೆ. ‘ಕೀ’ ಟ್ರ್ಯಾಕಿನ ಮಿಡಿಯನ್ನೇ ಮುಂಚಿತವಾಗಿ ಇಟ್ಟರೆ ಡೆಕ್ಸೆಡ್ ಗಂಟೆಯೂ ಮುಂಚೆ ಬಾರಿಸುತ್ತದೆ. ವೈಟಲ್‌ಗೆ ಹೋಗುವ ಸೆಂಡ್ ಮುಚ್ಚಿ, ಮಿಡಿಯ ನಕಲನ್ನು ವೈಟಲ್ ಟ್ರ್ಯಾಕಿನಲ್ಲೇ ಇಟ್ಟು, ಅದನ್ನಷ್ಟೇ 80–100 ಮಿಲಿಸೆಕೆಂಡ್ ಮುಂಚಿತವಾಗಿ ಇಡುತ್ತೇನೆ. ಅಂಕಿ ಹಾಡಿನ ಲಯದ ಮೇಲೆ, ಕಿವಿಯೇ ನೋಡಬೇಕು.

ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧ ಮಾಡುವ ದನಿಯ ತುಂಡು) ನುಡಿಸುವಾಗ 128 ಸ್ಯಾಂಪಲ್, ಅಂದರೆ 2.7 ಮಿಲಿಸೆಕೆಂಡ್, ಮಿಕ್ಸ್ ಮಾಡುವಾಗ 1024. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಮಧ್ಯಾಹ್ನ 128ರಲ್ಲಿ ಮೂರು ಸಿಂತ್ ಓಡಿಸಿದರೆ ಚಟಪಟ ಶುರು: ಲ್ಯಾಪ್‌ಟಾಪ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕರೆಂಟ್ ಹೋದಾಗಲೂ ಇದೇ ಚಟಪಟ, ಕಾರಣ ಬೇರೆ. ಬ್ಯಾಟರಿಗೆ ಹೊರಳಿದ ಕೂಡಲೇ ವಿಂಡೋಸ್ ಪ್ರೊಸೆಸರನ್ನು ನಿಧಾನ ಮಾಡುತ್ತದೆ. ಪವರ್ ಸೆಟ್ಟಿಂಗಿನಲ್ಲಿ ಬ್ಯಾಟರಿಗೂ ಹೆಚ್ಚಿನ ಪರ್ಫಾರ್ಮೆನ್ಸ್ ಆರಿಸಿಡಿ.

ಒಂದು ದನಿ ಒಪ್ಪಿಗೆಯಾದ ಮೇಲೆ ಅದನ್ನು ಸಿಂತ್ ಆಗಿಯೇ ಉಳಿಸುವುದಿಲ್ಲ. ಟ್ರ್ಯಾಕನ್ನು ಸ್ಟೀರಿಯೋ ಸ್ಟೆಮ್ ಆಗಿ, ಅಂದರೆ ಆಡಿಯೋ ಆಗಿ, ರೆಂಡರ್ ಮಾಡಿ, ಮೂಲ ಟ್ರ್ಯಾಕನ್ನು ಮ್ಯೂಟ್ ಮಾಡುವುದರ ಜೊತೆಗೆ ಸಿಂತನ್ನು ಆಫ್‌ಲೈನ್ ಕೂಡ ಮಾಡುತ್ತೇನೆ. ಮೆಮೊರಿ ಬಿಡುವಾಗುವುದು ಆಗಲೇ. ಎಲ್‌ಎಫ್‌ಒ (ದನಿಯನ್ನು ನಿಧಾನವಾಗಿ ಏರಿಳಿಸುವ ಅಲೆ) ತನ್ನ ಪಾಡಿಗೆ ತಿರುಗುತ್ತಿರುವ ಪ್ಯಾಡ್ ಪ್ರತಿ ಸಲ ಪ್ಲೇ ಮಾಡಿದಾಗ ಬೇರೆಯಾಗಿಯೇ ಬರುತ್ತದೆ. ಮೂರು ನಾಲ್ಕು ಸಲ ರೆಂಡರ್ ಮಾಡಿ, ಪಲ್ಲವಿ ಎತ್ತಿಕೊಳ್ಳುವ ಕಡೆ ಅಲೆ ಏರುತ್ತಿರುವುದನ್ನು ಇಟ್ಟುಕೊಂಡು ಉಳಿದವನ್ನು ಅಳಿಸುತ್ತೇನೆ.